ಬೆಳಕು ಅಳೆಯುವವನು

"ಅಲ್ಲಾಡಬೇಡಿ ದೊಡ್ಡಮ್ಮ, ಎರಡೇ ನಿಮಿಷ" ಎನ್ನುತ್ತ ತಂಗಿಯ ಮಗ ಒಂದು ಯಂತ್ರವನ್ನು ಅಕ್ಕನ ಮೂಗಿನ ಹತ್ತಿರ ಹಿಡಿದ. ಅದರ ನೆತ್ತಿಯ ಮೇಲೆ ಅರ್ಧ ಮೊಟ್ಟೆಯಂತಹ ಬಿಳಿ ಬುರುಡೆ ಇತ್ತು.

"ಇದೇನೋ, ಜ್ವರ ನೋಡ್ತೀಯಾ?"

"ಲೈಟ್ ಮೀಟರು. ಮುಖದ ಮೇಲೆ ಎಷ್ಟು ಬೆಳಕು ಬಿದ್ದಿದೆ ಅಂತ ಹೇಳುತ್ತೆ."

"ಯಾಕೆ, ನಿನ್ನ ಕಣ್ಣಿಗೇನಾಗಿದೆ?"

ಕಿಟಕಿಯ ಬೆಂಚಿನಲ್ಲಿ ಅಕ್ಕನ ಮಗ್ಗುಲಿಗೇ ಕೂತಿದ್ದ ತಂಗಿ ಸೆರಗು ಬಾಯಿಗಿಟ್ಟು ನಕ್ಕಳು. ತಮ್ಮ ತಾಯಿ ತೀರಿಕೊಂಡ ದಿನ ತಂಗಿ ಆಡಿದ ಒಂದು ಮಾತಿಗೆ ಮುನಿದು ಹೋದ ಅಕ್ಕ, ವರ್ಷಗಳ ಮೇಲೆ ಮತ್ತೆ ಈ ಮನೆಯ ಹೊಸ್ತಿಲು ತುಳಿದದ್ದು ಇವತ್ತೇ. ಸಂಜೆಯ ಬಸ್ಸಿಗೆ ದೂರದ ಮಗಳ ಮನೆಗೆ, ಇನ್ನು ಅಲ್ಲೇ ಇದ್ದುಬಿಡಲು ಹೊರಟವಳು. "ಇಬ್ಬರೂ ಒಂದು ಫೋಟೋ ತೆಗೆಸಿಕೊಳ್ಳೋಣ ಕಣೇ" ಎಂದು ಅವಳೇ ಬಾಯಿಬಿಟ್ಟು ಕೇಳಿದಾಗ ತಂಗಿ ಮನಸ್ಸಿನಲ್ಲೇ ದೇವರಿಗೆ ಕೈಮುಗಿದಿದ್ದಳು. ಇಳಿಬಿಸಿಲು ಇಬ್ಬರ ಮೇಲೂ ಸಮನಾಗಿ ಬಿದ್ದಿತ್ತು.

ಮಗ ಸಿನಿಮಾ ಛಾಯಾಗ್ರಾಹಕ. ಯಾವ ಸಿನಿಮಾದವರೂ ಇನ್ನೂ ಕರೆದಿರಲಿಲ್ಲ, ಅದು ಬೇರೆ ಮಾತು. ಪರೀಕ್ಷಿಸಿ ಒಂದನ್ನು ಇಟ್ಟುಕೊಳ್ಳಿ ಎಂದು ಅಂಗಡಿಯವನು ಕೊಟ್ಟಿದ್ದ ಮೂರು ಮೀಟರುಗಳನ್ನು ಅವನು ಮೇಜಿನ ಮೇಲೆ ಹರಡಿಕೊಂಡಿದ್ದ. ಎರಡನೆಯದನ್ನು ಎತ್ತಿ, ಗೋಡೆಯವರೆಗೂ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಅದರ ಕಿಂಡಿಯಿಂದ ಗುರಿಯಿಟ್ಟ.

"ಗುಂಡು ಹೊಡೀತಾನೇನೇ ನಿನ್ನ ಮಗ?" ಎಂದು ಅಕ್ಕ ತಂಗಿಯ ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡಲಿಲ್ಲ.

"ಈಗ ತೆಗಿಯೋ" ಎಂದಳು ತಂಗಿ, ಮೆಲ್ಲಗೆ.

"ತಾಳಮ್ಮ. ಇದು ನಿನ್ನ ಮುಖಕ್ಕೆ ಒಂದು ಹೇಳುತ್ತೆ, ದೊಡ್ಡಮ್ಮನ ಮುಖಕ್ಕೆ ಇನ್ನೊಂದು."

"ನಾವಿಬ್ಬರೂ ಯಾವತ್ತು ಒಂದೇ ಮಾತು ಹೇಳಿದ್ವಿ?" ಎಂದಳು ಅಕ್ಕ. ಅಕ್ಕತಂಗಿಯರು ಹೆಗಲಿಗೆ ಹೆಗಲು ತಾಗಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಅಯ್ಯೋ, ಅಲ್ಲಾಡಬೇಡಿ ಅಂದ್ನಲ್ಲ! ಲೆಕ್ಕವೆಲ್ಲ ಹಾಳಾಯ್ತು."

"ಫೋನಲ್ಲೇ ಒಂದು ತೆಗೆದುಬಿಡು ಮರಿ, ಬಸ್ಸಿಗೆ ಹೊತ್ತಾಗುತ್ತೆ."

"ಫೋನಲ್ಲಾ!" ತನ್ನ ಕುಲಕ್ಕೇ ಕಳಂಕ ಬಂದಂತೆ ನೋಡಿದ ಮಗ. "ಸರಿಯಾದ ಅಳತೆ ಇಲ್ಲದೆ ನಾನು ಗುಂಡಿ ಒತ್ತೋನಲ್ಲ ದೊಡ್ಡಮ್ಮ."

"ದೇವರು ಬೆಳಕನ್ನ ಅಳೆದು ಕೊಡಲಿಲ್ಲ ಕಣಪ್ಪ. ಹಾಗೇ ಸುರಿದುಬಿಟ್ಟ."

ಮಗನಿಗೆ ಕೇಳಿಸಲಿಲ್ಲ. ಮೂರನೆಯದು ಮೊದಲೆರಡನ್ನೂ ಸುಳ್ಳಾಗಿಸಿತ್ತು. ಮತ್ತೆ ಮೊದಲನೆಯದಕ್ಕೆ ಬಂದರೆ, ಅದು ತನ್ನ ಹಳೆಯ ಮಾತನ್ನೇ ತಿರುಗಿಸಿತ್ತು. ಬಿಸಿಲು ಅಕ್ಕನ ಮುಖದಿಂದ ಮಡಿಲಿಗೆ, ಮಡಿಲಿನಿಂದ ನೆಲಕ್ಕೆ ಇಳಿದು, ಬಾಗಿಲ ಕಡೆ ಸರಿದು ಹೋಯಿತು. ದೀಪ ಹಾಕಲು ಏಳಹೋದ ತಂಗಿಯನ್ನು ಮಗ ತಡೆದ: "ಬೇಡಮ್ಮ, ಸಹಜ ಬೆಳಕು ಕೆಡುತ್ತೆ."

ಹೊರಗೆ ಆಟೋ ಬಂದು ನಿಂತಿತು. ಅಕ್ಕ ಹಿಡಿದ ಕೈಯನ್ನು ಒಮ್ಮೆ ಅದುಮಿ ಬಿಟ್ಟಳು. "ಇನ್ನೊಂದು ಸಲ ತೆಗೆಸಿಕೊಂಡರಾಯ್ತು ಬಿಡೇ" ಎಂದಳು. ಇನ್ನೊಂದು ಸಲವೆಂಬುದು ಆ ವಯಸ್ಸಿನಲ್ಲಿ ಎಷ್ಟರ ಮಾತೆಂದು ಇಬ್ಬರಿಗೂ ಗೊತ್ತಿತ್ತು. ತಂಗಿ ಗೇಟಿನವರೆಗೆ ಹೋಗಿ, ಆಟೋ ತಿರುವಿನಲ್ಲಿ ಮರೆಯಾದ ಮೇಲೂ ನಿಂತಿದ್ದು, ಮೆಲ್ಲಗೆ ಒಳಗೆ ಬಂದಳು.

"ಅಮ್ಮಾ, ಬಾ ಇಲ್ಲಿ! ಈಗ ಮೂರೂ ಒಂದೇ ಹೇಳ್ತಿವೆ!"

ಕತ್ತಲೆ ತುಂಬಿದ ಕೋಣೆಯಲ್ಲಿ, ಅಕ್ಕ ಎದ್ದುಹೋದ ಜಾಗದಲ್ಲಿ, ಮಗ ಮೂರು ಮೀಟರುಗಳನ್ನು ಸಾಲಾಗಿ ಇಟ್ಟಿದ್ದ. ತಂಗಿ ಬಗ್ಗಿ ನೋಡಿದಳು. ಮೂರರಲ್ಲೂ ಸೊನ್ನೆ ಹೊಳೆಯುತ್ತಿತ್ತು.

"ಸರಿಯಾಗೇ ಹೇಳ್ತಿವೆ ಕಣಪ್ಪ" ಎಂದಳು. "ಯಾವುದನ್ನಾದರೂ ಇಟ್ಕೋ."