ಸ್ಪೀಕರಿನ ತಪ್ಪು

“ರೀ, ಇನ್ನೂ ಎಷ್ಟು ಹೊತ್ತು? ಮಗಳು ಪೆಟ್ಟಿಗೆ ಇಟ್ಟು ಹೋಗಿ ಎರಡು ಗಂಟೆಯಾಯ್ತು,” ಎಂದಳು ಹೆಂಡತಿ. ಎಂದಳು ಅಂದರೆ ದೊಡ್ಡ ಮಾತಾಯಿತು. ಗಂಟಲಿನ ಆಪರೇಷನ್ ಆದಮೇಲೆ ಅವಳ ಮಾತೆಲ್ಲ ಬರೀ ಉಸಿರು, ಬರೀ ಗೊರಗೊರ. ಹತ್ತಿರ ಕೂತವರಿಗೆ ಕೇಳಿಸಿದರೆ ಪುಣ್ಯ.

ಆಂಪ್ಲಿಫೈಯರಿನ ಹಿಂದೆ ತಲೆ ತೂರಿಸಿದ್ದ ಗಂಡ ಅಲ್ಲಿಂದಲೇ ರೇಗಿದ. “ಸುಮ್ಮನೆ ಸಿಕ್ಕಿಸಿಬಿಟ್ಟರೆ ಆಗಲ್ಲ ಕಣೇ. ಈ ಆಂಪ್ಲಿಫೈಯರ್ ಹಳೇದು, ಸಬ್ ವೂಫರಿಗೆ ಅಂತ ಬೇರೆ ಜಾಗವೇ ಇಲ್ಲ. ಸ್ಪೀಕರಿಗೆ ಹೋಗೋ ತಂತಿ ಜೊತೇಲೇ ಇನ್ನೊಂದು ತಂತಿ ಎಳೀಬೇಕು. ಆಗ ಸ್ಪೀಕರಿನ ದನಿ ಇದ್ದ ಹಾಗೇ ಇರುತ್ತೆ, ಅದರ ಕೈಲಾಗದ ಕೆಳಗಿನ ದಪ್ಪ ದನಿ ಮಾತ್ರ ಈ ಪೆಟ್ಟಿಗೆ ಕೊಡುತ್ತೆ. ಎಡವಟ್ಟು ಮಾಡಿದರೆ ಎಲ್ಲಾ ಕೆಟ್ಟು ಕೆರ ಹಿಡಿಯುತ್ತೆ.”

“ಆಯ್ತು ಮಹರಾಯರೇ, ನಿಧಾನಕ್ಕೆ ಮಾಡಿ. ನಾನೇನು ಓಡಿಹೋಗ್ತೀನಾ?”

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಆಯುಷ್ಯ ಸವೆಸಿದವನಿಗೆ ಇದು ಅರ್ಧ ಗಂಟೆಯ ಕೆಲಸ. ಕೈ ನಿಧಾನವಾಗಿದ್ದದ್ದು ಹೆದರಿಕೆಗೆ. ಮದುವೆಗೆ ಮುಂಚೆ ಅವಳು ಒಂದೇ ಒಂದು ಹಾಡು ಹಾಡಿದ್ದಳು. ಅದನ್ನು ರೆಕಾರ್ಡ್ ಮಾಡಿದವನು ಇವನೇ. ಆ ಗ್ರಾಮಫೋನ್ ಪ್ಲೇಟು ಹಾಕಿದಾಗಲೆಲ್ಲ “ನನ್ನ ದನಿ ಇಷ್ಟು ತೆಳ್ಳಗಿತ್ತೇನ್ರೀ?” ಎಂದು ಅವಳು ಕೇಳುವುದು, “ಸ್ಪೀಕರ್ ಚಿಕ್ಕದು ಕಣೇ, ಅದರ ತಪ್ಪು” ಎಂದು ಇವನು ಮಾತು ತೇಲಿಸುವುದು. ಹೀಗೇ ಮೂವತ್ತೆರಡು ವರ್ಷ. ಪಾಪ, ಸ್ಪೀಕರು ಒಂದು ದಿನವೂ ಎದುರು ಮಾತಾಡಲಿಲ್ಲ. ಕೇಳೀ ಕೇಳೀ ಸಾಕಾದ ಮಗಳು ಇವತ್ತು ಬೆಳಿಗ್ಗೆ ಈ ಸಬ್ ವೂಫರ್ ಹೊತ್ತು ತಂದು, “ಅಪ್ಪಾ, ಇನ್ನು ನೆವ ಬೇಡ. ಅಮ್ಮನಿಗೆ ಅವಳ ದನಿ ಒಂದು ಸಲ ಸರಿಯಾಗಿ ಕೇಳಿಸು” ಎಂದು ಇಟ್ಟುಹೋಗಿದ್ದಳು.

ತಂತಿಯಾಯಿತು. ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಗೊತ್ತಾಗಲು ಅದನ್ನು ತಾನು ಕೂತು ಕೇಳುವ ಕುರ್ಚಿಯ ಮೇಲೆ ಕೂರಿಸಿ, ಬೇರೆ ಯಾವುದೋ ಹಾಡು ಹಚ್ಚಿ, ಗೋಡೆಗುಂಟ ಅಂಬೆಗಾಲಿಡುತ್ತ ಮೂಲೆ ಮೂಲೆಗೂ ಕಿವಿ ಕೊಟ್ಟ. ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲಿಗೇ ಪೆಟ್ಟಿಗೆ ಹೋಗಬೇಕು, ಅದು ಅವನ ಕಸುಬಿನವರ ರೂಢಿ. “ಪೆಟ್ಟಿಗೆ ಯಜಮಾನ, ನೀವು ಕೂಸು!” ಎಂದು ಹೆಂಡತಿ ಸದ್ದಿಲ್ಲದೆ ನಕ್ಕಳು. ಕಿಟಕಿ ಪಕ್ಕದ ಮೂಲೆ ಗೊತ್ತಾಯಿತು, ಪೆಟ್ಟಿಗೆ ಅಲ್ಲಿಗೆ ಹೋಯಿತು. ಇನ್ನು ಯಾವ ನೆವವೂ ಉಳಿಯಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅವಳ ಹಾಡಿನ ಪ್ಲೇಟು ಹಾಕಿದ.

ಮೊದಲಿಗೆ ದೊಡ್ಡ ಡ್ರಮ್ಮು ಬಂತು. “ಅಯ್ಯಯ್ಯೋ, ಎದೇಲೇ ಬಾರಿಸಿದ ಹಾಗಿದೆ ರೀ!” ಎಂದು ಅವಳು ಕುರ್ಚಿಯ ತುದಿಗೆ ಸರಿದಳು. ಮುಖ ಹಬ್ಬವಾಗಿತ್ತು. ಡ್ರಮ್ಮಿನ ಹಿಂದೆ ಅವಳ ದನಿ ಬಂತು. ಅದೇ ದನಿ. ಅದೇ ತೆಳು, ಅದೇ ಕೀರಲು.

“ಇರು, ಇರು,” ಎನ್ನುತ್ತ ಅವನು ಪೆಟ್ಟಿಗೆಯ ಸದ್ದಿನ ತಿರುಪು ಏರಿಸಿದ. ಇನ್ನೂ ಏರಿಸಿದ. ಅಷ್ಟು ಏರಿಸಬಾರದೆಂದು ಊರಿಗೆಲ್ಲ ಪಾಠ ಹೇಳಿದವನು ಅವನೇ. ಡ್ರಮ್ಮು ಗುಂಯ್‌ಗುಟ್ಟಿ ಕಲಸುಮೇಲೋಗರವಾಯಿತು, ಕಿಟಕಿಯ ಗಾಜು ಗಡಗಡ ಅಂದಿತು. ಅವಳ ದನಿ ಮಾತ್ರ ಕೂದಲೆಳೆಯಷ್ಟೂ ದಪ್ಪವಾಗಲಿಲ್ಲ.

“ಸಾಕು, ಇಳಿಸಿ,” ಎಂದು ಹೆಂಡತಿ ಕೈ ಬೀಸಿದಳು. ಅವನು ತಿರುಪು ಪೂರ್ತಿ ಇಳಿಸಿದ. “ಪ್ಲೇಟು ಬಂದಾಗ ಸಂಗೀತದ ದೊಡ್ಡ ಮನುಷ್ಯರೆಲ್ಲ ಹೇಳಿದ್ದೇ ಸರಿ ಬಿಡಿ, ಈ ಹುಡುಗಿ ದನೀಲಿ ತೂಕ ಇಲ್ಲ ಅಂತ. ಅದಕ್ಕೇ ಆಮೇಲೆ ಯಾರೂ ಹಾಡೋಕೆ ಕರೀಲಿಲ್ಲ. ಇಷ್ಟು ವರ್ಷ ಸ್ಪೀಕರಿಗೆ ಸುಮ್ಮಸುಮ್ಮನೆ ಬೈದ್ವಿ.”

ಇಷ್ಟು ವರ್ಷ ನುಂಗಿಕೊಂಡಿದ್ದು ಈಗ ಬಾಯಿಗೆ ಬಂತು. ಅವನು ನೆಲದ ಮೇಲೇ ಕೂತ.

“ತೂಕ ಇತ್ತು ಕಣೇ. ನಿನ್ನಷ್ಟು ತುಂಬಿದ ದನಿ ಆ ಸ್ಟುಡಿಯೋಗೆ ಮತ್ತೆ ಬರಲೇ ಇಲ್ಲ. ಅವತ್ತು ಪಕ್ಕದ ಕೋಣೆ ಮೋಟರಿನ ಗುಂಯ್ ಸದ್ದು ನಿನ್ನ ಮೈಕಿಗೆ ಬರ್ತಿತ್ತು. ಆ ಮೈಕಿನ ಕೆಳಗಿನ ದಪ್ಪ ದನಿ ಕತ್ತರಿಸೋ ಗುಂಡಿ ಒತ್ತಿದೆ. ಮೋಟರು ನಿಲ್ಲಿಸಿದ ಮೇಲೆ ಗುಂಡಿ ಬಿಡೋದು ಮರೆತೆ. ಗೊತ್ತಾಗೋ ಹೊತ್ತಿಗೆ ವಾದ್ಯದವರೆಲ್ಲ ಹೊರಟುಹೋಗಿದ್ದರು. ಹೇಳಿದ್ದರೆ ನನ್ನ ಕೆಲಸ ಹೋಗ್ತಿತ್ತು. ಬಾಯಿ ಮುಚ್ಚಿಕೊಂಡೆ. ಆಮೇಲೆ ಮದುವೆಯಾಯ್ತು. ಆಗ ಹೇಳೋಕೆ ಇನ್ನೂ ಹೆದರಿಕೆಯಾಯ್ತು. ರೆಕಾರ್ಡಿನಲ್ಲೇ ಇಲ್ಲದ್ದನ್ನ ಯಾವ ಪೆಟ್ಟಿಗೆ ತಂದುಕೊಡುತ್ತೆ ಹೇಳು?”

ಪ್ಲೇಟು ಸುತ್ತುತ್ತಲೇ ಇತ್ತು. ಅವಳು ಹಾಡು ಮುಗಿಯುವವರೆಗೂ ಕೇಳಿದಳು. ಆಮೇಲೆ ಏನೋ ಅಂದಳು. ಅವನಿಗೆ ಕೇಳಿಸಲಿಲ್ಲ. ಎದ್ದು ಹೋಗಿ ಅವಳ ಬಾಯಿಯ ಹತ್ತಿರ ಕಿವಿಯಿಟ್ಟ.

“ಸ್ಟುಡಿಯೋ ಬೀಗದ ಕೈ ಅಷ್ಟು ವರ್ಷ ನಿಮ್ಮ ಜೇಬಲ್ಲೇ ಇತ್ತಲ್ಲ ರೀ. ಗಂಟಲು ನನ್ನ ಹತ್ತಿರ ಇತ್ತು. ಒಂದು ಮಾತು ಹೇಳಿದ್ದರೆ, ಇನ್ನೊಂದು ಸಲ ಹಾಡ್ತಿದ್ದೆ.”