ತಾತನ ಕೋವಿಯ ಮೂರನೇ ಅರ್ಜಿ

ಉತ್ತಮ್‌ನ ಕೈಯಲ್ಲಿ ಸರ್ಕಾರದ ಲಕೋಟೆ ಕಂಡದ್ದೇ ದೇವರಾಜರು ಎತ್ತಿದ ಆರತಿಯನ್ನು ಕೆಳಗಿಟ್ಟರು.

ಮಾಡ್ಬರಿ ಬಡಾವಣೆಯ ಅವರ ಮನೆಯ ಮುಂದೆ ಆಯುಧಪೂಜೆ. ಹನ್ನೆರಡು ಕಾರುಗಳು ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ಮೊದಲ ಆರತಿ ಪ್ರತಿವರ್ಷವೂ ದೇವರಾಜರದೇ. ಉಳಿದವರದು ಬರೀ ಕಾರು, ಸ್ಪ್ಯಾನರು. ನಿಜವಾದ ಆಯುಧದ ಒಡೆಯರು ಇವರೊಬ್ಬರೇ ಎಂದು ಅಡಿಲೇಡಿನ ಕನ್ನಡಿಗರಿಗೆಲ್ಲ ಗೌರವ. ಆ ಗೌರವದಲ್ಲೇ ಅವರ ಜೀವವಿತ್ತು.

ಆ ಆಯುಧ ಒಂದು ಕೋವಿ. ಇದೇ ಆಸ್ಟ್ರೇಲಿಯಾದಲ್ಲಿ ತಯಾರಾಗಿ, ಮಹಾಯುದ್ಧಕ್ಕೆಂದು ಹಡಗು ಹತ್ತಿ, ದೇವರಾಜರ ತಾತನ ಹೆಗಲೇರಿತ್ತಂತೆ ಅದು. ಈಗ ಮೈಸೂರಿನ ಮನೆಯ ಅಟ್ಟದ ಮೇಲಿದೆಯಂತೆ. ಫೋಟೊ ಕೇಳಿದರೆ, ಅಟ್ಟದಲ್ಲಿ ಬೆಳಕಿಲ್ಲ.

ತರಿಸೋಣವೆಂದರೆ ಸರ್ಕಾರದ ಅಡ್ಡಗಾಲು. ಸೇನೆಯ ಹಳೆಯ ಬಂದೂಕು ಒಮ್ಮೆ ದೇಶ ಬಿಟ್ಟಿತೋ, ಮರಳಿ ತರಲು ನೂರೆಂಟು ನಿರ್ಬಂಧ. ಎರಡು ಅರ್ಜಿ ತಿರಸ್ಕಾರವಾಗಿದ್ದವು. ಎರಡು ಸಲವೂ ದೇವರಾಜರು ಸರ್ಕಾರಕ್ಕೆ ಹಿಡಿಶಾಪ ಹಾಕಿ, ದುಃಖ ಮರೆಯಲೆಂದು ಎಲ್ಲರಿಗೂ ಕೇಸರಿಬಾತ್ ಹಾಕಿಸಿದ್ದರು. ಪಾಪ, ದೊಡ್ಡ ಮನಸ್ಸು.

ಮೂರನೆಯ ಅರ್ಜಿ ಉತ್ತಮ್‌ನ ಹಟ. ಬ್ರಿಸ್ಬೇನಿನಿಂದ ಬಂದ ವಕೀಲ. ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಕೋವಿ ಮೇಲಿರೋ ನಂಬರ್ ಹೇಳಿ ಅಂಕಲ್," ಎಂದು ಹತ್ತು ಜನರ ಎದುರೇ ಕೇಳಿದ್ದ. ದೇವರಾಜರು ಒಂದು ಕ್ಷಣ ಆಕಾಶ ನೋಡಿ ಐದು ಅಂಕಿ ಹೇಳಿದ್ದರು. ಆ ನೆನಪಿನ ಶಕ್ತಿಗೆ ಎಲ್ಲರೂ ತಲೆದೂಗಿದ್ದರು.

"ಈ ಸಲಾನೂ ಪರ್ಮಿಟ್ ಕೊಡಲ್ಲ ಬಿಡಪ್ಪ," ಎಂದರು ದೇವರಾಜರು, ಲಕೋಟೆಯಿಂದ ಕಣ್ಣು ತೆಗೆಯದೆ.

"ಸುಮ್ನೆ ಬಿಡ್ತೀನಾ ಅಂಕಲ್? ಆ ನಂಬರ್ ಹಿಡ್ಕೊಂಡು ಹಳೇ ರೆಕಾರ್ಡೆಲ್ಲ ತೆಗೆಸಿದ್ದೀನಿ."

ಹೆಂಡತಿ ಇಂದುಮತಿ ಸೌಟು ಹಿಡಿದೇ ಬಾಗಿಲಿಗೆ ಬಂದರು. "ರವೆ ಹುರೀಲಾ, ಬೇಡ್ವಾ?"

"ಸ್ವಲ್ಪ ತಡಿ."

ಉತ್ತಮ್ ಲಕೋಟೆ ಒಡೆದು ಪತ್ರದ ಮೇಲೆ ಕಣ್ಣಾಡಿಸಿ ಹುಬ್ಬೇರಿಸಿದ. "ಅಂಕಲ್, ಪರ್ಮಿಟ್ಟೇ ಬೇಕಾಗಿಲ್ವಂತೆ. ಆ ನಿರ್ಬಂಧ ನಿಮ್ಮ ಕೋವಿಗೆ ಅನ್ವಯಿಸೋದೇ ಇಲ್ವಂತೆ."

ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಹಾಕಿದರು. ದೇವರಾಜರು ಪಕ್ಕದ ಕಾರನ್ನು ಹಿಡಿದುಕೊಂಡರು.

"ಯಾಕಂತೆ?"

ಎಲ್ಲರಿಗೂ ಕೇಳಲೆಂದು ಉತ್ತಮ್ ದನಿ ಏರಿಸಿದ. "ಆ ನಂಬರಿನ ಕೋವಿ ಪರ್ತ್‌ನಲ್ಲಿ ಒಂದು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೇಲಿದೆಯಂತೆ, ತಯಾರಾದ ದಿನದಿಂದ ಒಂದು ಸಲಾನೂ ಆಸ್ಟ್ರೇಲಿಯಾ ಬಿಟ್ಟು ಆಚೆಗೆ ಹೋಗಿಲ್ವಂತೆ."