ಮಂಗಳವಾರದ ಡ್ರಾಯರ್

ಹನ್ನೊಂದಕ್ಕೆ ಬರಬೇಕಾದ ದೊಡ್ಡಪ್ಪ ಒಂಬತ್ತೂವರೆಗೇ ಬಂದು ಬಾಗಿಲಲ್ಲಿ ನಿಂತಾಗ ಪುಟ್ಟಿಯ ಎರಡು ಕೈಯಲ್ಲೂ ಸತ್ತ ಹಕ್ಕಿಗಳಿದ್ದವು. ಪುಟ್ಟಿಗೆ ನಲವತ್ತೆರಡು ವರ್ಷ. ಈ ವಸ್ತುಸಂಗ್ರಹಾಲಯದ ಪಕ್ಷಿ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಆದರೂ ಸಕ್ಕರೆ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದವಳ ಹಾಗೆ ಎದೆ ಧಸಕ್ಕೆಂದಿತು.

"ಪಕ್ಕದ ಮನೆಯವನು ಕಾರಲ್ಲಿ ತಂದು ಬಿಟ್ಟ. ಬಸ್ಸು ಕಾಯೋದು ತಪ್ಪಿತು," ಎಂದರು ದೊಡ್ಡಪ್ಪ. ಮಾತು ಅವಳ ಕಡೆಗಿದ್ದರೂ ಕಣ್ಣು ಮೇಜಿನ ಮೇಲಿತ್ತು. ಅಲ್ಲಿ ಐದು ಸಣ್ಣ ಡ್ರಾಯರುಗಳು ಅರ್ಧಂಬರ್ಧ ಖಾಲಿಯಾಗಿ ಬಿದ್ದಿದ್ದವು. ಪಕ್ಕದಲ್ಲಿದ್ದ ಹಳೆಯ ದೊಡ್ಡ ಡ್ರಾಯರು ತುಂಬುತ್ತಾ ಬಂದಿತ್ತು.

ಅವು ಉಲಿಯಕ್ಕಿಗಳು. ಹುಳ ಹಿಡಿದು ತಿನ್ನುವ, ಹೆಬ್ಬೆರಳಿಗಿಂತ ತುಸುವೇ ದೊಡ್ಡದಾದ ಕಂದು ಹಕ್ಕಿಗಳು. ಹೆತ್ತ ತಾಯಿಗೂ ಯಾವುದು ಯಾವುದೆಂದು ತಿಳಿಯಲಾರದು. ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಮಲಗಿಸಿದ್ದು ಒಟ್ಟು ತೊಂಬತ್ತಾರು. ರೆಕ್ಕೆಯ ಗರಿ ಎಣಿಸಿ, ಕೊಕ್ಕು ಅಳೆದು, ಇವೆಲ್ಲ ಒಂದೇ ಕುಟುಂಬದವೆಂದು ಇದೇ ವಿಭಾಗದಲ್ಲಿ ಮೂವತ್ತು ವರ್ಷ ಕೂತು ಜೋಡಿಸಿದವರು ದೊಡ್ಡಪ್ಪ. ಆರು ತಿಂಗಳ ಹಿಂದೆ ಡಿಎನ್‌ಎ ಪರೀಕ್ಷೆಯ ವರದಿ ಬಂತು. ಒಂದಲ್ಲ, ಐದು ಕುಟುಂಬಗಳು ಎಂದಿತು ಅದು. ಪುಟ್ಟಿ ಹಕ್ಕಿಗಳನ್ನು ಐದು ಡ್ರಾಯರಿಗೆ ಹಂಚಿದಳು. ದೊಡ್ಡಪ್ಪನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ದೊಡ್ಡಮ್ಮ ತೀರಿಕೊಂಡ ಮೇಲೆ ಅವರು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಮನೆಯಿಂದ ಹೊರಬೀಳುತ್ತಿದ್ದುದು ಮಂಗಳವಾರ ಒಂದೇ ದಿನ. ಬಂದು, ತಮ್ಮ ಡ್ರಾಯರು ಎಳೆದು, ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿ, "ಸರಿಯಾಗಿದೆ" ಎಂದು ಹೋಗುತ್ತಿದ್ದರು. ಆ ಒಂದು ಮಾತನ್ನು ಅವರಿಂದ ಕಿತ್ತುಕೊಳ್ಳುವ ಕಲ್ಲೆದೆ ಪುಟ್ಟಿಗೆಲ್ಲಿಂದ ಬರಬೇಕು? ಹಾಗಾಗಿ ಪ್ರತಿ ಮಂಗಳವಾರ ಬೆಳಿಗ್ಗೆ ತೊಂಬತ್ತಾರನ್ನೂ ಹಳೆಯ ಡ್ರಾಯರಿಗೆ ಸಾಗಿಸುತ್ತಿದ್ದಳು, ಅವರು ಹೋದ ಮೇಲೆ ಮತ್ತೆ ಹಂಚುತ್ತಿದ್ದಳು. ವಿಜ್ಞಾನಕ್ಕೆ ಇದರಿಂದ ಎಳ್ಳಷ್ಟೂ ಉಪಯೋಗವಿರಲಿಲ್ಲ.

"ಅದು... ನುಸಿಗುಳಿಗೆ ಹಾಕ್ತಿದ್ದೆ ದೊಡ್ಡಪ್ಪ."

"ಹಾಕು, ಹಾಕು." ಅವರು ಕುರ್ಚಿ ಎಳೆದುಕೊಂಡು ಕುಳಿತರು. "ನಿನ್ನ ಎಡಗೈಲಿರೋದು ಜೊಂಡಿನ ಉಲಿಯಕ್ಕಿ. ಅದನ್ನ ಎರಡನೇ ಡ್ರಾಯರಲ್ಲೇ ಬಿಡು. ಪಾಪ, ಅದಕ್ಯಾಕೆ ವಾರ ವಾರ ಓಡಾಟ?"

ಪುಟ್ಟಿ ನಿಂತಲ್ಲೇ ನಿಂತಳು. "ನಿಮಗೆ ಗೊತ್ತಿತ್ತಾ?"

"ವರದಿ ನನಗೂ ಅಂಚೇಲಿ ಬಂದಿತ್ತಮ್ಮ. ನಿನಗಿಂತ ಮೊದಲೇ ಓದಿ ಮುಗಿಸಿದ್ದೆ. ಅದಲ್ಲದೆ, ಅವಸರದಲ್ಲಿ ಜೋಡಿಸಿದ್ರೆ ಒಂದಾದ್ರೂ ಹಕ್ಕಿ ಬಲಕ್ಕೆ ತಲೆ ಹಾಕಿ ಮಲಗಿರುತ್ತೆ. ನಾನು ಯಾವತ್ತಾದ್ರೂ ಹಾಗೆ ಮಲಗಿಸಿದ್ದುಂಟಾ? ಬಂದಾಗೆಲ್ಲ ತಿರುಗಿಸಿಟ್ಟು ಹೋಗ್ತಿದ್ದೆ."

ಇಪ್ಪತ್ತಾರು ಮಂಗಳವಾರ. ಪುಟ್ಟಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಮತ್ತೆ ಸರಿಯಾಗಿದೆ, ಸರಿಯಾಗಿದೆ ಅಂತ ಯಾಕೆ ಹೇಳ್ತಿದ್ರಿ? ಬಗ್ಗಿ ಎದ್ದು ನನ್ನ ಸೊಂಟ ಬಿದ್ದುಹೋಯ್ತು."

ದೊಡ್ಡಪ್ಪ ಭೂತಗನ್ನಡಿಯನ್ನು ಕರವಸ್ತ್ರದಿಂದ ಒರೆಸತೊಡಗಿದರು. ಅದರ ಮೇಲೆ ಧೂಳೇನೂ ಇರಲಿಲ್ಲ. "ನಾನು ಮಾಡಿದ್ದು ತಪ್ಪು ಅಂತ ಬಯಲಾದ ಮೇಲೆ ನನಗಿಲ್ಲೇನು ಕೆಲಸ, ಹೇಳು? ಇನ್ನು ಯಾಕೆ ಸುಮ್ಮನೆ ತೊಂದರೆ ತಗೋತೀರಿ, ಮನೇಲೇ ಆರಾಮಾಗಿರಿ ಅಂತೀಯೇನೋ ಅಂತ ಹೆದರಿದ್ದೆ. ಆರಾಮಾಗಿರೋದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ ಪುಟ್ಟಿ."

ಅವರ ಮರ್ಯಾದೆ ಕಾಯುತ್ತಿದ್ದೇನೆಂದು ಇಷ್ಟು ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಪಾಪ, ಅವರಿಗೆ ಬಂದು ಕೂರಲು ಒಂದು ಜಾಗ ಬೇಕಿತ್ತು, ಅಷ್ಟೇ.

ದೊಡ್ಡಪ್ಪ ಅವಳ ಎಡಗೈಯಿಂದ ಹಕ್ಕಿಯನ್ನು ತೆಗೆದುಕೊಂಡರು. ಅದರ ಕಾಲಲ್ಲಿದ್ದ ಚೀಟಿ ಅವರದೇ ಕೈಬರಹದ್ದು, ಶಾಯಿ ಕಂದಿತ್ತು. "ಇದನ್ನ ಬಿಚ್ಚಿ ಎಸೀತೀಯಾ?"

"ಇಲ್ಲಿ ಯಾರ ಚೀಟೀನೂ ಬಿಚ್ಚೋದಿಲ್ಲ. ಹೊಸದನ್ನ ಅದರ ಪಕ್ಕಕ್ಕೇ ಕಟ್ಟೋದು. ನಾನು ಒಂಬತ್ತು ವರ್ಷದವಳಿದ್ದಾಗ ನೀವೇ ಹೇಳಿಕೊಟ್ಟಿದ್ದು."

"ಹೌದಲ್ವಾ," ಎಂದರು ಅವರು, ಮೆಲ್ಲಗೆ. ಹಕ್ಕಿಯನ್ನು ಎರಡನೇ ಡ್ರಾಯರಿನಲ್ಲಿ ತಾವೇ ಮಲಗಿಸಿದರು, ತಲೆ ಎಡಕ್ಕೆ.

ಪುಟ್ಟಿ ಮೂಗೊರೆಸಿಕೊಂಡು ಬೀರುವಿನ ಕೆಳಗಿನ ಖಾನೆಯಿಂದ ಇನ್ನೊಂದು ಪೆಟ್ಟಿಗೆ ತೆಗೆದಳು. ಅದರಲ್ಲಿ ಹನ್ನೊಂದು ಹಕ್ಕಿಗಳಿದ್ದವು. "ತೊಂಬತ್ತಾರರಲ್ಲಿ ಹಂಚುವಾಗ ಉಳಿದದ್ದು ಇವು. ಮಂಗಳವಾರ ಕೊನೆಗೆ ಇವನ್ನೂ ನಿಮ್ಮ ಡ್ರಾಯರಿಗೆ ಸೇರಿಸ್ತಿದ್ದೆ. ಐದರಲ್ಲಿ ಯಾವುದಕ್ಕೂ ಸೇರೋಲ್ಲ, ವರದಿಯಲ್ಲೂ ಇಲ್ಲ. ಎಲ್ಲಿಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಗರಿ, ಕೊಕ್ಕು, ಕಾಲು, ಎಲ್ಲ ಮೊದಲಿಂದ ನೋಡಿ ಬೇರೆ ಊರಿನ ಸಂಗ್ರಹಗಳ ಜೊತೆ ಹೋಲಿಸಬೇಕು. ನನ್ನೊಬ್ಬಳ ಕೈಲಿ ಆಗೋದಲ್ಲ ದೊಡ್ಡಪ್ಪ."

ಅವರು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. "ಎಷ್ಟು ದಿನದ ಕೆಲಸ ಇದು?"

"ದಿನದ ಲೆಕ್ಕ ಹಿಡಿಯಬೇಡಿ. ಹತ್ತು ವರ್ಷವೂ ಆಗಬಹುದು. ವಾರಕ್ಕೊಂದು ಸಲ ಬಂದ್ರೆ ಸಾಲದು."

ಎಂಬತ್ತೊಂದು ವರ್ಷದ ದೊಡ್ಡಪ್ಪ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದರು.

"ಹಾಗಾದ್ರೆ ಕಾಫಿ ಆಮೇಲೆ ತರಿಸು," ಎಂದರು.